ತಿರುಗುಮುರುಗು ಟ್ರೆಬಲ್

ಟೋಕ್ಮೋಕಿನ ಸಿನಿಮಾ ಮಂದಿರದಲ್ಲಿ ಇಪ್ಪತ್ತೆರಡು ವರ್ಷ ರೀಲು ಓಡಿಸಿದವನು ನಾನು, ಸಗಿನ್‌ಬಾಯ್. ಸುಳ್ಳಿನ ವಿಷಯದಲ್ಲಿ ಊರಿಗೇ ಹೆಸರಾದವನು. ಚೂ ನದಿಯಲ್ಲಿ ನಾನು ಹಿಡಿದ ಮೀನು ವರ್ಷಕ್ಕೊಂದು ಗೇಣು ಬೆಳೆಯುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಆದರೆ ಎಪ್ಪತ್ತೆಂಟರ ಮೇ ತಿಂಗಳಲ್ಲಿ ಹೇಳಿದ ಸುಳ್ಳು ಮೂರೇ ಪದದ್ದು. ಅದನ್ನು ಎಲ್ಲರೂ ನಂಬಿಬಿಟ್ಟರು.

ಹಾಲಿನ ಲಾರಿ ಓಡಿಸುತ್ತಿದ್ದ ಮೆಲಿಸ್‌ಗೆ ಗಿಟಾರಿನ ಹುಚ್ಚು. ರಾಜಧಾನಿ ಫ್ರುಂಜೆಯ ಸರ್ಕಾರಿ ವಾದ್ಯಮೇಳಕ್ಕೆ ಒಬ್ಬ ಗಿಟಾರಿನವನು ಬೇಕು, ಪರೀಕ್ಷೆ ಮಾಡುವವರು ನಮ್ಮ ಸಾಂಸ್ಕೃತಿಕ ಭವನಕ್ಕೇ ಬರುತ್ತಾರೆ ಎಂದು ಗೊತ್ತಾದ ದಿನವೇ ನನ್ನ ಬಳಿ ಬಂದ.

"ಬಾಯ್ಕೆ, ನಿಮ್ಮ ಹಳೇ ಪ್ರೊಜೆಕ್ಟರಿನ ಆಂಪ್ಲಿಫೈಯರ್ ಸುಮ್ನೆ ಬಿದ್ದಿದೆಯಲ್ಲ."

"ಬಿದ್ದಿಲ್ಲ. ಅದರ ಮೇಲೆ ಚಹಾ ಇಡ್ತೀನಿ."

"ಚಹಾ ನೆಲದ ಮೇಲೂ ಕೂರತ್ತೆ ಬಾಯ್ಕೆ. ನನಗೆ ಸಾಯೋತನಕ ಹಾಲಿನ ಲಾರೀಲಿ ಕೂರಕ್ಕಾಗಲ್ಲ."

ಬಾಯ್ಕೆ ಅಂದರೆ ಅಣ್ಣ. ಹಾಗೆ ಕರೆದು ಕೇಳಿದವನಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಕಷ್ಟ. ಎರಡು ದೊಡ್ಡ ವಾಲ್ವು, ಪರದೆಯ ಹಿಂದಿನ ಹಳೇ ಸ್ಪೀಕರು, ಸೇಬಿನ ಪೆಟ್ಟಿಗೆ. ಮೂರು ವಾರದಲ್ಲಿ ಗಿಟಾರಿಗೆ ಒಂದು ಡಬ್ಬಿ ಎದ್ದು ನಿಂತಿತು. ಸಿನಿಮಾದ ಆಂಪ್ಲಿಫೈಯರಿನಲ್ಲಿ ಸದ್ದು ಏರಿಸುವ ನಾಬ್ ಮಾತ್ರ ಇತ್ತು. ಚೂಪು ಸ್ವರದ ಟ್ರೆಬಲ್‌ಗೆ ಒಂದು, ದಪ್ಪ ಸ್ವರದ ಬಾಸ್‌ಗೆ ಒಂದು ಕಂಟ್ರೋಲನ್ನು ಹೊಸದಾಗಿ ಬೆಸೆದೆ.

ನಾಬಿನ ಹಿಂದಿರುವ ಕಂಟ್ರೋಲಿಗೆ ತಂತಿ ಬೆಸೆಯಲು ಮೂರು ಕಾಲು. ನಕ್ಷೆಯಲ್ಲಿ ಅದನ್ನು ಮುಂದಿನಿಂದ ನೋಡಿ ಬರೆದಿರುತ್ತಾರೆ. ಬೆಸೆಯುವವನು ಡಬ್ಬಿ ಮಗುಚಿ ಹಿಂದಿನಿಂದ ಬೆಸೆಯುತ್ತಾನೆ. ಹಿಂದಿನಿಂದ ಎಡವೇ ಬಲ. ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದರು. ನಾನು ರೀಲಿನವನು. ಜೀವಮಾನವಿಡೀ ಫಿಲ್ಮನ್ನು ತಲೆಕೆಳಗಾಗಿಯೇ ಹಾಕಿದವನು, ಪರದೆಯ ಮೇಲೆ ತಾನಾಗಿಯೇ ನೆಟ್ಟಗಾಗುತ್ತದೆ ಎಂದು ನಂಬಿದವನು. ನಡುವಿನ ಕಾಲು ಸರಿಯಾಯಿತು. ಎರಡು ಕಂಟ್ರೋಲುಗಳಲ್ಲೂ ಅಕ್ಕಪಕ್ಕದ ಕಾಲುಗಳು ಅದಲುಬದಲಾದವು. ಎರಡೂ ನಾಬನ್ನು ನಟ್ಟನಡುವೆ ನಿಲ್ಲಿಸಿ ಪರೀಕ್ಷಿಸಿದೆ. ಜೇನಿನಂಥ ಸ್ವರ ಬಂತು. ನಡುವಿನಲ್ಲಿದ್ದಾಗ ತಪ್ಪು ಸರಿ ಎರಡೂ ಒಂದೇ ಥರ ಕೇಳಿಸುತ್ತವೆ.

ಡಬ್ಬಿ ಮೆಲಿಸ್ ಕೈಗೆ ಸಿಕ್ಕಿದ್ದು ಪರೀಕ್ಷೆಯ ದಿನ ಬೆಳಿಗ್ಗೆ. ಪರೀಕ್ಷಕರಲ್ಲಿ ಹಿರಿಯಳು ಬುರುಲ್ ಕಾಸಿಮೊವ್ನಾ, ಅರವತ್ತರ ಹೆಂಗಸು. ಮೊದಲ ಹಾಡಿಗೆ ತಲೆದೂಗಿ ಹೇಳಿದಳು: "ಚೆನ್ನಾಗಿದೆ ಮಗು. ಸ್ವಲ್ಪ ಚುಚ್ಚತ್ತೆ, ಟ್ರೆಬಲ್ ಇಳ್ಸು."

ಮೆಲಿಸ್ ನಾಬನ್ನು ಎಡಕ್ಕೆ ತಿರುಗಿಸಿದ. ಡಬ್ಬಿ ಕಿರುಚಿತು.

"ಇಳ್ಸು ಅಂದೆ."

ಇನ್ನಷ್ಟು ತಿರುಗಿಸಿದ. ಮುಂದಿನ ಸಾಲಿನಲ್ಲಿದ್ದ ಭವನದ ಲೆಕ್ಕಿಗನ ಮೂರು ಚಿನ್ನದ ಹಲ್ಲು ಜುಂಯ್ ಎಂದವು. ಹೊರಗೆ ಕಟ್ಟಿದ್ದ ಹನ್ನೊಂದು ಕುದುರೆಗಳು ತಾವೇ ಗಂಟು ಬಿಚ್ಚಿಕೊಂಡು ಮನೆಗೆ ಹೋದವು. ಅವುಗಳಲ್ಲೊಂದು ಗಾಬರಿಯಲ್ಲಿ ಬೇರೆಯವರ ಮನೆಗೆ ಹೋಗಿ ಇವತ್ತಿಗೂ ಅಲ್ಲೇ ಇದೆ.

"ಇಳಿಸ್ತಾನೇ ಇದೀನಿ ಎಝೆ," ಅಂದ ಮೆಲಿಸ್.

"ಅಕ್ಕಾ ಅಂತ ಕರೆದು ಅಕ್ಕನ ಕಿವೀನೇ ಕಿತ್ತಾಕ್ತಿದೀಯ. ಸ್ವರ ಏರೋದು ಇಳಿಯೋದು ಕೇಳಿಸದೇ ಇರೋನಿಗೆ ಗಿಟಾರ್ ಯಾಕಪ್ಪ?"

ಭವನದ ನಿರ್ದೇಶಕ ಶೈಲೋಬೆಕ್ ನನ್ನ ಕಡೆ ತಿರುಗಿದ. "ಸಗಿನ್, ನಿನ್ನ ಡಬ್ಬೀದೇನಾದ್ರೂ ತೊಂದ್ರೆನಾ?"

ಮೊದಲ ತಿರುವಿಗೇ ನನಗೆ ಗೊತ್ತಾಗಿತ್ತು. ಆದರೆ ಸಭಾಂಗಣದಲ್ಲಿ ಇನ್ನೂರು ಜನ. ನನಗೆ ಒಳ್ಳೇ ಮೆಕ್ಯಾನಿಕ್ ಎಂಬ ಹೆಸರು.

"ಡಬ್ಬಿ ಸರಿಯಾಗೇ ಇದೆ," ಅಂದೆ.

ಮೆಲಿಸ್ ನನ್ನನ್ನು ನೋಡಿದ. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡ. ಅವನೂ ನಂಬಿದ.

ಮಧ್ಯಾಹ್ನ ಶೈಲೋಬೆಕ್‌ನ ಅಂಗಳದಲ್ಲಿ ಅತಿಥಿಗಳಿಗೆ ಊಟ. ಕುರಿಯ ತಲೆಯನ್ನು ಬುರುಲ್ ಮುಂದೆ ಇಟ್ಟರು. ತಲೆ ಸಿಕ್ಕವರು ಕೊಯ್ದು ಹಂಚಬೇಕು. ಕಿವಿ ಯಾವತ್ತೂ ಮಕ್ಕಳಿಗೆ, ಹೇಳಿದ ಮಾತು ಕೇಳಲಿ ಎಂದು. ಅವಳು ಒಂದು ಕಿವಿ ಕೊಯ್ದು ತಟ್ಟೆಯಲ್ಲಿಟ್ಟು ಕೊನೆಯಲ್ಲಿ ಕೂತಿದ್ದ ಮೆಲಿಸ್‌ಗೆ ಕಳಿಸಿದಳು.

"ತಿನ್ನಪ್ಪ. ಇರೋ ಎರಡು ನಿಂಗೆ ಸಾಲ್ತಿಲ್ಲ."

ಅಂಗಳವೆಲ್ಲ ನಕ್ಕಿತು. ಇಪ್ಪತ್ಮೂರು ವರ್ಷದ ಗಂಡಸು ತಲೆ ತಗ್ಗಿಸಿ ಆ ಕಿವಿ ಅಗಿದ. ನನಗೆ ಬಂದಿದ್ದದ್ದು ತೊಡೆಯ ತುಂಡು, ಗೌರವದ್ದು.

ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತೆ. "ಎಝೆ, ಇನ್ನೊಂದು ಕಿವಿ ನನಗೆ ಕೊಡಿ."

ನಗು ನಿಂತಿತು. ನಲವತ್ತಾರು ವರ್ಷದವನು ಕಿವಿ ಕೇಳುವುದನ್ನು ಯಾರೂ ನೋಡಿರಲಿಲ್ಲ.

"ಕುಡಿದಿದೀಯೇನೋ?" ಅಂದ ಶೈಲೋಬೆಕ್.

"ಇನ್ನೂ ಇಲ್ಲ. ಕಂಟ್ರೋಲಿನ ತಂತಿ ತಿರುಗುಮುರುಗು ಬೆಸೆದಿದೀನಿ. ಅವನು ಇಳಿಸಿದ್ರೆ ಏರತ್ತೆ. ಆಗ್ಲೇ ಗೊತ್ತಾಗಿತ್ತು ನಂಗೆ."

ಬುರುಲ್ ಚಾಕು ಎತ್ತಿಕೊಂಡಳು. ಕಿವಿ ಕೊಯ್ದು ಕೊಟ್ಟಳು. ನಾನು ನುಂಗುವವರೆಗೂ ಕಾದಳು. "ಡಬ್ಬಿ ತನ್ನಿ," ಅಂದಳು.

ಕಿಟಕಿಯಿಂದ ವೈರು ಎಳೆದರು. ಬೆಸುಗೆ ಕಡ್ಡಿ ತರುತ್ತೇನೆ ಅಂದೆ. ಮೆಲಿಸ್ ನನ್ನ ಕಡೆ ನೋಡಲೂ ಇಲ್ಲ. "ಮುಟ್ಟಬೇಡಿ. ಈಗ ಗೊತ್ತಾಯ್ತಲ್ಲ." ನಾಬನ್ನು ಬಲಕ್ಕೆ ತಿರುಗಿಸಿ ನುಡಿಸಿದ. ಬುರುಲ್ ಅಗಿಯುವುದನ್ನು ನಿಲ್ಲಿಸಿದಳು. ಎರಡನೇ ಹಾಡಿಗೆ ಚೀಲದಿಂದ ಕಾಗದ ತೆಗೆದು, ಹೊಡೆದುಹಾಕಿದ್ದ ಹೆಸರನ್ನು ಮತ್ತೆ ಬರೆದಳು.

ಫ್ರುಂಜೆಯ ಬಸ್ಸಿಗೆ ಡಬ್ಬಿ ಹೊತ್ತು ಹತ್ತಿಸಿದವನೂ ನಾನೇ. "ತಪ್ಪಾಗಿ ಬೆಸೆದಿದ್ದಕ್ಕೆ ಬೇಜಾರಿಲ್ಲ ಬಾಯ್ಕೆ," ಅಂದ ಮೆಲಿಸ್. "ನಾಲ್ಕು ಗಂಟೆ ಹೊತ್ತು ನಾನು ಕಿವುಡ ಅಂದ್ಕೊಂಡಿದ್ದೆ."

ಮರುವರ್ಷ ರಜೆಗೆ ಬಂದಾಗ ನಾನೇ ಕೇಳಿದೆ. "ಅಲ್ಲಿಯೋರು ಕೇಳಲ್ವಾ, ಯಾಕೆ ಉಲ್ಟಾ ತಿರುಗತ್ತೆ ಅಂತ?"

"ಕೇಳ್ತಾರೆ. ಟೋಕ್ಮೋಕಲ್ಲಿ ಹೀಗೇ ಮಾಡ್ತಾರೆ ಅಂತೀನಿ."

"ಯಾರು ಮಾಡಿದ್ದು ಅಂತ ಹೇಳಲ್ವಾ?"

"ಯಾಕೆ ಹೇಳ್ಲಿ? ನೀವು ನನ್ನ ಬಾಯ್ಕೆ."

ಹೆಸರು ಹೇಳಿ ಬೈದಿದ್ದರೆ ಚೆನ್ನಾಗಿತ್ತು.