ಒಂಬತ್ತನೇ ನಂಬರಿನ ಚೀಲ

ಬೆಳಿಗ್ಗೆ ಬಟ್ಟೆ ಒಗೆಯಲು ಕೂತವಳಿಗೆ ಮೊದಲ ಕೆಲಸ ಜಾಲರಿ ಚೀಲದ ಗಂಟು ಬಿಚ್ಚುವುದು. ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಪ್ರತಿ ಆಟಗಾರನಿಗೂ ಅವನ ನಂಬರಿನ ಒಂದು ಚೀಲವಿರುತ್ತದೆ. ಕಾಲುಚೀಲ, ಚಡ್ಡಿ, ಬನಿಯನ್ ಎಲ್ಲ ಅದರೊಳಗೆ ತುರುಕಿ, ಗಂಟು ಬಿಗಿದು ಬಾಗಿಲ ಹೊರಗಿಟ್ಟರೆ ಸಂಜೆಗೆ ಒಗೆದು ಬರುತ್ತದೆ. ನನ್ನ ಯಜಮಾನರು ಹದಿನೇಳು ವರ್ಷ ಹಾಗೇ ಬದುಕಿದವರು. ಕ್ಲಬ್ಬಿನ ಕರಾರು ಮುಗಿದು ಮನೆಗೆ ಬಂದು ನಾಲ್ಕು ತಿಂಗಳಾದರೂ ಒಂಬತ್ತನೇ ನಂಬರಿನ ಆ ಚೀಲವನ್ನು ದಿನಾ ಬಚ್ಚಲಮನೆಯ ಹೊರಗಿಡುತ್ತಿದ್ದರು.

“ರೀ, ಇದು ಹೋಟೆಲ್ಲಲ್ಲ.”

“ಗೊತ್ತು ಕಣೇ. ಹೋಟೆಲ್ಲಲ್ಲಿ ಇಷ್ಟು ಬೈಯಲ್ಲ.”

ಮರುದಿನ ಮತ್ತೆ ಅದೇ ಗಂಟು.

ಆ ದಿನ ಗಂಟು ಅರ್ಧ ಸಡಿಲವಾಗಿತ್ತು, ಅಡುಗೆಮನೆಯಲ್ಲಿ ಅವರ ಫೋನು ಹೊಡೆದುಕೊಂಡಿತು. ಅವರು ಓಡಲು ಹೋಗಿದ್ದರು. ನಾನೇ ಎದ್ದು ಹೋಗಿ ಎತ್ತಿದೆ. ಅವರಿಗೆ ಕ್ಲಬ್ಬು ಹುಡುಕಿಕೊಡುವ ಏಜೆಂಟು.

“ಅತ್ತಿಗೆ, ಅಣ್ಣ ಇಲ್ವಾ? ಒಂದು ಕ್ಲಬ್ಬಿಂದ ಕರೀತಿದಾರೆ, ಒಂದು ಸೀಸನ್‌ಗೆ. ರೈಲಲ್ಲಿ ಎರಡು ದಿನ, ಅದಿರ್ಲಿ. ಅವರ ಸ್ಟ್ರೈಕರ್ ಕಾಲು ಮುರ್ಕೊಂಡಿದಾನೆ. ಹತ್ತು ಗಂಟೆಗೆ ಆಟಗಾರರ ಪಟ್ಟಿ ಮುಚ್ತಾರೆ. ಅಷ್ಟ್ರೊಳಗೆ ಹೂಂ ಅನ್ನೋಕೆ ಹೇಳಿ. ಅಣ್ಣಂಗೆ ಮೂವತ್ತೆಂಟಾಯ್ತು, ಇನ್ನೊಂದು ಸಲ ಯಾರೂ ಕರೆಯಲ್ಲ ಅತ್ತಿಗೆ.”

“ಹೇಳ್ತೀನಿ” ಎಂದೆ.

ತಿರುಗಿದರೆ ಬಾಗಿಲಲ್ಲಿ ಮಗಳು. ಎಂಟು ವರ್ಷದ ಇವಳನ್ನು ಅವಳಪ್ಪ ‘ರೆಫ್ರಿ’ ಎಂದು ಸುಮ್ಮನೆ ಕರೆಯುವುದಿಲ್ಲ. ಅವಳ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಯಾವ ಫೌಲೂ ನಡೆಯುವುದಿಲ್ಲ.

“ಅಪ್ಪನ್ನ ಎಲ್ಲಿಗೆ ಕರೀತಿದಾರೆ?”

“ಎಲ್ಲಿಗೂ ಇಲ್ಲ. ಹೋಗು, ಹಲ್ಲುಜ್ಜು.”

“ಉಜ್ಜಾಯ್ತು. ಆ ಮಾಮ ಕಿರುಚಿದ್ದು ಬೀದಿಗೇ ಕೇಳಿಸ್ತು.”

ಅವಳು ಅತ್ತ ಹೋದ ಮೇಲೆ ಫೋನನ್ನು ಸೈಲೆಂಟ್ ಮಾಡಿ ಸಕ್ಕರೆ ಡಬ್ಬಿಯ ಹಿಂದಿಟ್ಟೆ. ಗಂಟೆ ಎಂಟೂ ಆಗಿರಲಿಲ್ಲ. ಎರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆಮೇಲೆ ‘ಅಯ್ಯೋ, ಮರೆತೇ ಹೋಯ್ತು’ ಎನ್ನಬಹುದಿತ್ತು. ಅವರು ನಂಬುತ್ತಿದ್ದರು ಕೂಡ.

ಮದುವೆಯಾದ ಒಂಬತ್ತನೇ ದಿನ ಅವರು ತರಬೇತಿ ಶಿಬಿರಕ್ಕೆ ಹೊರಟರು. ಮಗಳು ಹುಟ್ಟುವಾಗ ಯಾವುದೋ ಊರಿನ ಮೈದಾನದಲ್ಲಿದ್ದರು. ಗೋಲು ಯಾವಾಗ ಹೊಡೆಯುತ್ತೀಯ ಎಂದು ಕೇಳಿದರೆ ಅದು ಬರುವುದಿಲ್ಲ ಎಂಬುದು ಅವರ ನಂಬಿಕೆ. ಅದಕ್ಕೇ ನಮ್ಮ ಮನೆಯಲ್ಲಿ ಆಟದ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಮೊದಲು ಗೋಲಿನ ಮಾತು ಬಿಟ್ಟೆ. ಬರಬರುತ್ತಾ ಯಾವಾಗ ಬರ್ತೀರಿ, ಎಷ್ಟು ದಿನ ಇರ್ತೀರಿ ಎಂಬುದೂ ನಾಲಿಗೆಯಿಂದ ಬಿದ್ದುಹೋಯಿತು. ಹೋಗಬೇಡಿ ಎಂದಂತೂ ಒಂದು ದಿನವೂ ಅಂದವಳಲ್ಲ.

ಈ ನಾಲ್ಕು ತಿಂಗಳಲ್ಲಿ ಅವರು ಮಗಳಿಗೆ ಜಡೆ ಹೆಣೆಯಲು ಕಲಿತಿದ್ದರು. ಜಡೆ ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಅವಳು ಅದನ್ನೇ ಮೆರೆಸಿಕೊಂಡು ಶಾಲೆಗೆ ಹೋಗುತ್ತಿದ್ದಳು. ಸಂಜೆ ನಾನು ಕಾಯಿಪಲ್ಯ ಹೆಚ್ಚುವಾಗ ಪಕ್ಕದಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದರು. ಎದುರಿನ ಖಾಲಿ ಜಾಗದಲ್ಲಿ ಮಕ್ಕಳು ಚೆಂಡು ಒದೆಯುವ ಸದ್ದು ಬಂದರೆ ಮಾತ್ರ ಕೈ ನಿಲ್ಲುತ್ತಿತ್ತು, ಬಲಗಾಲು ನೆಲದ ಮೇಲೆ ತಾನಾಗಿ ಸರಿಯುತ್ತಿತ್ತು. ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಎಂಟೂವರೆಗೆ ಬಂದವರು ಸ್ನಾನ, ತಿಂಡಿ ಮುಗಿಸಿ ಮೊಣಕಾಲಿಗೆ ಐಸ್ ಕಟ್ಟಿಕೊಂಡರು. ಮಗಳನ್ನು ಮುಂದೆ ಕೂರಿಸಿಕೊಂಡು ಕೂದಲು ಬಾಚತೊಡಗಿದರು. ಗಡಿಯಾರ ಒಂಬತ್ತೂಕಾಲು ದಾಟಿತ್ತು.

“ಯಾರಾದ್ರೂ ಫೋನ್ ಮಾಡಿದ್ರಾ?”

ದಿನಾ ಕೇಳುತ್ತಿದ್ದ ಮಾತು. ದಿನವೂ ಬಾಚಣಿಗೆಯನ್ನೇ ನೋಡುತ್ತಾ, ಹಾಲಿನವನು ಬಂದನಾ ಎಂಬಷ್ಟೇ ಹಗುರಾಗಿ ಕೇಳುತ್ತಿದ್ದರು. ದಿನವೂ ನಾನು ಇಲ್ಲ ಎನ್ನುತ್ತಿದ್ದೆ, ಅವರು ಹೂಂ ಎನ್ನುತ್ತಿದ್ದರು. ಆ ಹೂಂ ಒಳಗೆ ಎಷ್ಟು ಆಸೆ ಅವಿತಿತ್ತೆಂದು ಹೆಂಡತಿಯಾದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ಸಲ ‘ಇಲ್ಲ’ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

ಡಬ್ಬಿಯ ಹಿಂದಿನಿಂದ ಫೋನು ತಂದುಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫೋನು ಎಲ್ಲಿತ್ತೆಂದು ಅವರು ನೋಡಿದ್ದರು. ಐಸ್ ಬಿಚ್ಚಿಟ್ಟು ಎದ್ದು ನಿಂತರು. ನಾಲ್ಕು ತಿಂಗಳಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದವರು ಈಗ ಹಿಡಿಯಲೇ ಇಲ್ಲ.

“ಒಂದೇ ಸೀಸನ್ ಅಂದ್ನಾ?”

“ಹೋದ ಸಲಾನೂ ನೀವು ಒಂದೇ ಅಂದಿದ್ರಿ.”

ನಕ್ಕರು. “ನೀನೇನಂತೀಯ?”

“ನಿಮ್ಮಿಷ್ಟ.”

ಎಷ್ಟೋ ವರ್ಷದ ಅಭ್ಯಾಸ, ತಡೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು, ಇನ್ನೇನಾದರೂ ಹೇಳುತ್ತೇನೋ ಎಂಬಂತೆ. ನಾನು ತಟ್ಟೆ ಎತ್ತಿಕೊಂಡೆ. ಅವರು ನಂಬರು ಒತ್ತಿ ಫೋನನ್ನು ಕಿವಿಗಿಟ್ಟುಕೊಂಡರು. ಆ ಕಡೆ ರಿಂಗಾಗುವುದು ನನಗೂ ಕೇಳುತ್ತಿತ್ತು.

ಮಗಳು ಎದ್ದಳು. ಅರ್ಧ ಹೆಣೆದ ಕೂದಲು ಭುಜದ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಅಪ್ಪನ ಮುಂದೆ ಹೋಗಿ ನಿಂತು, ಅವರ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೊದಲು ನನ್ನ ಕಡೆ ನೋಡಿದಳು, ಬೈಯುತ್ತೇನೇನೋ ಎಂದು. ನಾನು ತಟ್ಟೆ ಕೆಳಗಿಟ್ಟೆ.

“ಅಪ್ಪಾ,” ಎಂದಳು, “ಹೋಗ್ಬೇಡ ಅಂದ್ರೆ ಇರ್ತೀಯಾ?”