ಕಂಬಳಿಯೊಳಗಿನ ದರ

ಬಾಗಿಲು ಬಡಿಯುತ್ತಿದೆ, ಈ ಅಪರಾತ್ರಿಯಲ್ಲಿ — ಏಳಬಾರದು, ಅಪ್ಪ ಪಕ್ಕದಲ್ಲೇ ಮಲಗಿದ್ದಾನೆ, ಇಬ್ಬರಿಗೂ ಒಂದೇ ಕಂಬಳಿ, ಉಳಿದವೆಲ್ಲ ಅಂಗಡಿಯೊಳಗೆ, ಅಂಗಡಿಯ ಬೀಗದ ಮೇಲೆ ನಿನ್ನೆ ಸೇಲ್ಸ್ ಟ್ಯಾಕ್ಸ್ ಇನ್‌ಸ್ಪೆಕ್ಟರರು ಒತ್ತಿಸಿದ ಅರಗಿನ ಮುದ್ರೆ. ಶಿಕಾರಿಪುರದ ಪೇಟೆಯಲ್ಲಿ ಹುಲಿಯಪ್ಪನ ಕಂಬಳಿ ಅಂಗಡಿ ಎಂದು ಬೋರ್ಡು ಬರೆಸಿದಾಗ ನನಗೆ ಇನ್ನೂ ಇಪ್ಪತ್ತೆರಡು, ಕುರಿಯ ಹಿಂದೆ ನಡೆದವರ ಮನೆಯಲ್ಲಿ ಮೊದಲ ಬೋರ್ಡು, ಅದರ ಬಣ್ಣ ಆರುವ ಮೊದಲೇ ಸರ್ಕಾರದ ಹೊಸ ಮಾರಾಟ ತೆರಿಗೆ, ವರ್ಷದ ವ್ಯಾಪಾರ ಮಿತಿ ದಾಟಿದರೆ ಕಟ್ಟಬೇಕು, ಗಿರಾಕಿ ಕಡೆಯಿಂದ ವಸೂಲು ಮಾಡ್ರಿ ಎಂದು ಇನ್‌ಸ್ಪೆಕ್ಟರರು ನಕ್ಕಿದ್ದರು — ಯಾವ ಗಿರಾಕಿ ಕೊಡುತ್ತಾನೆ, ಮಡಿಸಿದ ಕಂಬಳಿಯ ಕೆಳಗೆ ಬೆರಳು ಹಿಡಿದು ದರ ಕುದುರಿಸುವವರು ನಾವು, ಬೆರಳು ಒಪ್ಪಿದ ಮೇಲೆ ಒಂದಾಣೆ ಹೆಚ್ಚು ಕೇಳಿದರೆ ಮುಖಕ್ಕೆ ಉಗಿಯುತ್ತಾರೆ, ಒಪ್ಪಿದ ದರವನ್ನು ಹೊರಗೆ ಆಡಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ. ಆದ್ದರಿಂದ ಇನ್‌ಸ್ಪೆಕ್ಟರರಿಗೆ ಬಾಯಲ್ಲಿ ಅರ್ಧ ದರ ಹೇಳಿದೆ, ಮಿತಿಯ ಕೆಳಗೆ ಉಳಿದೆ, ಒಂದು ವರ್ಷ ಬದುಕಿದೆ, ನಿನ್ನೆ ಅವರು ಬಂದು ನಿಜವಾದ ದರವನ್ನೇ ನನ್ನ ಮುಖಕ್ಕೆ ಹೇಳಿದರು.

ಮತ್ತೆ ಬಡಿತ — ಗುತ್ಯಪ್ಪನೇ ಇರಬೇಕು, ಸೊರಬದಲ್ಲಿ ನನ್ನ ಕಂಬಳಿ ಮಾರುತ್ತಿದ್ದ ಗೆಳೆಯ, ಬಡಿಯಲಿ. ಇಂದು ಬೆಳಿಗ್ಗೆ ಸೊರಬದ ಬಸ್ ಸ್ಟ್ಯಾಂಡಿನ ಬಳಿ ಹಿರಿಯರಾದ ಕೆಂಪಪ್ಪನವರ ಮುಂದೆ ಅವನನ್ನು ನಿಲ್ಲಿಸಿದೆ, ಇನ್‌ಸ್ಪೆಕ್ಟರರ ಸಂಗಡ ಚಾ ಕುಡಿದು ದರ ಹೇಳಿದವನು ನೀನೇ ಅಲ್ಲೇನೋ ಎಂದೆ, ಚಾ ಕುಡಿದ್ರೆ ಏನಾತು ಮಾರಾಯ, ಬಸ್ಸು ಬರ್ಲಿಲ್ಲ, ಅವ್ರೇ ಕೊಡಿಸಿದ್ರು, ನಿನ್ ಹಂಗೆ ಜಿಪುಣರಲ್ಲ — ನಗುತ್ತಿದ್ದ, ಕೆಂಪಪ್ಪನವರು ನಗಲಿಲ್ಲ, ಇವನ ಕೈ ಇನ್ನು ಯಾರೂ ಹಿಡೀಬ್ಯಾಡ್ರಿ ಎಂದರು. ಅವನು ಅಲ್ಲಿ ಸೇರಿದ್ದ ವ್ಯಾಪಾರಿಗಳಲ್ಲಿ ಒಬ್ಬೊಬ್ಬರ ಮುಂದೆ ಬಲಗೈ ಚಾಚಿದ, ಒಬ್ಬೊಬ್ಬರೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು, ಅಪ್ಪನೂ, ಕೊನೆಗೆ ನನ್ನ ಮುಂದೆ ಬಂದ, ಆ ಅಂಗೈಗೆ ಉಗಿದೆ, ಹಿತವಾಗಿತ್ತು.

ಹುಲಿಯಣ್ಣಾ, ಬಾಗ್ಲು ತೆಗಿ — ಹೆಣ್ಣುದನಿ, ಗುತ್ಯಪ್ಪನ ಹೆಂಡತಿ ವರದಮ್ಮ. ಯಾರೂ ಹಿಡಿಯದ ಕೈ ಯಾಕೆ ಅಂತ ಕಲ್ಲಿನಾಗೆ ಜಜ್ಜಿಕೊಂಡಾರಣ್ಣ, ಇಲ್ಲೇ ನಿಮ್ಮೂರ ಆಸ್ಪತ್ರೆಗೆ ತಂದೀನಿ, ಬೆರಳು ಉಳಿಯಲ್ಲ ಅಂತಾರೆ, ತೆಗೆಯೋ ಮೊದ್ಲು ಒಂದ್ಸಲ ಬಂದು ಹಿಡಿ. ಹಿಡಿಯುವುದಿಲ್ಲ, ಆ ಬೆರಳುಗಳು ಹೋಗಲಿ, ತಕ್ಕದ್ದಾಯಿತು, ತಕ್ಕದ್ದೇ — ಹೋಗೋ ತಮ್ಮಾ, ಅನ್ನುತ್ತಾನೆ ಅಪ್ಪ, ಎಚ್ಚರವಾಗಿಯೇ ಇದ್ದಾನೆ, ಅವನಲ್ಲೋ, ಮೊನ್ನಿ ನೀ ಈಸೂರಿಗೆ ಹೋದಾಗ ಒಬ್ಬ ಹೊಸಬ ಬಂದಿದ್ದ, ನಮ್ಮಂಗ ಕಂಬಳಿ ಕೆಳಗ ಕೈ ಕೊಟ್ಟ, ಅದರೊಳಗ ಸುಳ್ಳು ಬೆರಳು ಹಿಡಿಯಾಕ ಬರ್ತದೇನು, ಖರೇ ದರಾನ ಹಿಡಿದೆ, ನಿನ್ನೆ ಮುದ್ರಿ ಒತ್ತುವಾಗ ಸಾಹೇಬ್ರ ಹಿಂದ ಅವನೇ ನಿಂತಿದ್ದ, ಬೆಳಿಗ್ಗೆ ಹೇಳಾಕ ನನಗ ಬಾಯಿ ಬರ್ಲಿಲ್ಲೋ. ಹೊರಗೆ ವರದಮ್ಮನಿಗೆ ಅವನಲ್ಲೋ ಎಂದದ್ದಷ್ಟೇ ಕೇಳಿಸಿತೇನೋ, ಇವರಲ್ಲ ಅಂದ್ರೆ ಯಾರು ಹೇಳಿದ್ದು, ಹೆಸರಾದ್ರೂ ಹೇಳಣ್ಣ, ಕಂಬಳಿಯೊಳಗೆ ಮುದಿ ಬೆರಳುಗಳು ನನ್ನ ಕೈಯನ್ನು ಹುಡುಕುತ್ತಿವೆ, ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೇನೆ, ಬೆರಳುಗಳು, ಬೆರಳುಗಳು —

ಸಣ್ಣಬೀರಪ್ಪ, ಬಾಗಿಲಿನತ್ತ ಕೂಗುತ್ತೇನೆ, ನನ್ನ ಅಪ್ಪ.