ತ್ಯಾಗದ ಕೊಂಬೆ

"ಮುಟ್ಬೇಡಪ್ಪಾ!" ಎಂದು ಮಗಳು ಬಾಗಿಲಿನಿಂದಲೇ ಕೂಗುವಷ್ಟರಲ್ಲಿ ಅಡುಗೆಮನೆಯ ಕತ್ತರಿ ಕಚಕ್ಕೆಂದಿತ್ತು. ಮೊಳದುದ್ದದ ಕೊಂಬೆ ಎಲೆ ಸಮೇತ ನೆಲಕ್ಕೆ ಬಿತ್ತು.

"ಯಾಕೆ ಕಿರುಚ್ತೀಯ? ಸತ್ತ ಮನೆ ಇದು," ಅಂದ ಅಪ್ಪ. "ಅಕ್ಕನ ಫೋಟೋಗೆ ಅಡ್ಡ ಬರ್ತಿತ್ತು. ಒಂದೇ ಕಡೆ ಸೊಟ್ಟಗೆ ಬೆಳ್ಕೊಂಡು, ನೋಡೋಕೇ ಅಸಹ್ಯ. ಈಗ ನೋಡು, ಎಷ್ಟು ಲಕ್ಷಣವಾಗಿದೆ."

ಲಕ್ಷಣವಾಗೇನೋ ಇತ್ತು. ಅದೇ ಮಗಳಿಗೆ ಸಹಿಸಲಾಗಲಿಲ್ಲ. ಅಗಲ ಕುಂಡದಲ್ಲಿ ಗೇಣುದ್ದದ ಆಲದ ಬೋನ್ಸಾಯ್, ದಪ್ಪ ಕಾಂಡ, ಮೇಲೆ ಅಚ್ಚುಕಟ್ಟಾದ ಹಸಿರು. ಪಕ್ಕದ ಶವಪೆಟ್ಟಿಗೆಯಲ್ಲಿ ಅತ್ತೆ ಮಲಗಿದ್ದಳು, ಏನೂ ಹೇಳಲಾರದೆ.

"ಅತ್ತೆ ಅದನ್ನ ಬೇಕಂತಲೇ ಬಿಟ್ಟಿದ್ಲು."

"ಒಂದು ಕಡ್ಡೀಗೆ ಇಷ್ಟು ರಂಪಾನಾ?" ಎಂದು ಅಪ್ಪ ಕತ್ತರಿಯನ್ನು ಪಂಚೆಗೆ ಒರೆಸಿಕೊಂಡು, ಹೇಳಬೇಕಾದ ನಾಲ್ಕು ಮಾತನ್ನು ಗುನುಗುತ್ತ ಒಳಗೆ ಹೋದ. ನಿವೃತ್ತ ಮೇಷ್ಟ್ರು. ನಾಲ್ಕು ಜನ ಸೇರಿದ ಕಡೆ ಮಾತಾಡದೆ ಬಂದ ದಾಖಲೆಯೇ ಇಲ್ಲ.

*

ಅತ್ತೆ ಜೀವಮಾನವಿಡೀ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವಳು. ಕೆಲಸ ಬಿಟ್ಟ ದಿನ ಜೊತೆಯವರು ಈ ಗಿಡ ಕೊಟ್ಟರು. ಮೊದಲ ಸಲ ಸವರುವಾಗ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಮೇಲಿನ ಪ್ರತಿ ಕೊಂಬೆಗೂ ಒಂದಂಗುಲ ಬಿಟ್ಟು ಕತ್ತರಿಸಿದಳು. ಆಮೇಲೆ ಕುಂಡವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ತಮ್ಮನ ಮಗಳನ್ನೂ ಎಳೆದುಕೊಂಡು ನರ್ಸರಿಗೆ ಹೋದಳು.

ನರ್ಸರಿಯವರು ನಕ್ಕಿದ್ದೇ ನಕ್ಕಿದ್ದು. "ಇದೇನ್ ತಾಯಿ, ಎಲ್ಲಾ ಕಡೆ ಮೋಟು ಬಿಟ್ಟಿದ್ದೀರಿ?"

"ಮಾರ್ಜಿನ್ ಬಿಡ್ಬೇಡ್ವೇನ್ರೀ? ನಾಳೆ ಬಿಗಿ ಆದ್ರೆ ಬಿಚ್ಚಿ ಸಡಿಲ ಮಾಡೋದು ಹ್ಯಾಗೆ?"

"ಮರಕ್ಕೆ ಯಾರಮ್ಮ ಹೊಲಿಗೆ ಬಿಚ್ತಾರೆ? ಮೋಟು ಒಣಗಿ ಕೊಳೆಯುತ್ತೆ. ಬುಡಕ್ಕೇ ಕತ್ತರಿಸಿ." ಅವರು ಅತ್ತೆಯ ಕೈಗೆ ಕತ್ತರಿ ಕೊಟ್ಟು, ಒಂದೊಂದಾಗಿ ತೋರಿಸುತ್ತ ಬಂದು ಕೆಳಗಿನ ಕೊಂಬೆಯ ಹತ್ತಿರ ಕೈ ನಿಲ್ಲಿಸಿದರು. "ಇದನ್ನ ಮಾತ್ರ ಮುಟ್ಬೇಡಿ. ಇದು ತ್ಯಾಗದ ಕೊಂಬೆ. ಎಷ್ಟು ಬೆಳೆಯುತ್ತೋ ಬೆಳೀಲಿ. ಇದು ಉದ್ದ ಆದಷ್ಟೂ ಕಾಂಡ ದಪ್ಪ ಆಗುತ್ತೆ."

"ಆಮೇಲೆ?"

"ಆಮೇಲೆ ಇದರ ಕೆಲಸ ಮುಗೀತಲ್ಲ, ಕತ್ತರಿಸಿ ಬಿಸಾಕೋದು. ಗಾಯ ಮುಚ್ಕೊಳ್ಳುತ್ತೆ. ಅಲ್ಲೊಂದು ಕೊಂಬೆ ಇತ್ತು ಅಂತಾನೇ ಗೊತ್ತಾಗಲ್ಲ."

ಅತ್ತೆ ಕತ್ತರಿ ಕೆಳಗಿಟ್ಟಳು. "ಈ ಹೆಸರಿಟ್ಟವನ ಬಾಯಿಗೆ ಮಣ್ಣು ಹಾಕ! ತ್ಯಾಗ ಅಂತೆ, ತ್ಯಾಗ. ಕೊಂಬೇನ ಯಾರಾದ್ರೂ ಕೇಳಿದ್ರಾ?"

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ಹೇಳಿದಳು: "ನಾನು ಸತ್ತ ದಿನ ನಿಮ್ಮಪ್ಪ ಭಾಷಣ ಬಿಗೀತಾನೆ. ಬಿಡೋ ಗಿರಾಕಿ ಅಲ್ಲ ಅವನು. 'ನಮ್ಮಕ್ಕ ತ್ಯಾಗಮಯಿ' ಅಂತ ಶುರು ಹಚ್ಕೊಂಡ್ರೆ ನಿಲ್ಸೇ. ನಂಗೆ ಎದ್ದು ಬರೋಕಾಗಲ್ಲ."

ಅವಳು ನಗುತ್ತ "ಆಯ್ತತ್ತೆ" ಅಂದಿದ್ದಳು. ಅತ್ತೆ ನಗಲಿಲ್ಲ.

*

ಹಾಲ್‌ನಲ್ಲಿ ಜನ ತುಂಬಿದರು. ನರ್ಸರಿಯವರು ಪೆಟ್ಟಿಗೆಗೆ ಕೈ ಮುಗಿದು, ಗಿಡದತ್ತ ತಿರುಗಿ, ಕೊಂಬೆ ಕತ್ತರಿಸಿದಲ್ಲಿ ಹಾಲು ಸೋರುತ್ತಿದ್ದ ಜಾಗವನ್ನು ನೋಡಿದರು.

"ಕಾಂಡ ಸಾಕಷ್ಟು ದಪ್ಪ ಆಯ್ತು, ಕತ್ತರಿಸಿ ಅಂತ ನಾನೇ ಬಡ್ಕೊಂಡೆ. ಕೊಂಬೆ ಹೇಳಿದ ದಿನ ಕತ್ತರಿಸ್ತೀನಿ ಅನ್ನೋರು ನಿಮ್ಮತ್ತೆ. ಯಾರಮ್ಮ ಕೈ ಹಾಕಿದ್ದು?"

"ಅಪ್ಪ."

"ಹೂಂ," ಅಂದರು ಅವರು.

ಕಾರ್ಖಾನೆಯಲ್ಲಿ ಅತ್ತೆಯ ಪಕ್ಕದ ಮೇಜಿನಲ್ಲಿ ಕಾಜಾ ಹಾಕುತ್ತಿದ್ದ ಹೆಂಗಸು ಗೋಡೆಗೊರಗಿ ಕೂತಿದ್ದಳು. ಅತ್ತೂ ಅತ್ತೂ ಅವಳ ಮೂಗು ಕೆಂಪಾಗಿತ್ತು.

"ನಮ್ಮ ಕಾರ್ಖಾನೆ ಮೆಕ್ಯಾನಿಕ್ ಬದುಕಿದ್ದಿದ್ರೆ ಇವತ್ತು ಬರ್ತಿದ್ದ ಕಣೇ," ಅಂದಳು. "ಮಿಶನ್ ಕೆಡದೇ ಇದ್ರೂ ರಿಪೇರಿಗೆ ಬರೋನು, ನಿಮ್ಮತ್ತೇನ ನೋಡೋಕೆ. ಒಂದಿನ ಧೈರ್ಯ ಮಾಡಿ ಹೆಣ್ಣು ಕೇಳೋಕೆ ಈ ಮನೇಗೇ ಬಂದ. ನಿಮ್ಮಪ್ಪ ಬಾಗಿಲಲ್ಲೇ ನಿಂತು, ಅಕ್ಕನಿಗೆ ಇಷ್ಟ ಇಲ್ಲ ಅಂದ್ರಂತೆ."

"ಅತ್ತೆ ಹಾಗಂದಿದ್ಲಾ?"

"ಅವಳು ಒಳಗೆ ಪಾತ್ರೆ ತೊಳೀತಿದ್ಲು. ಬಂದಿದ್ದು ಯಾರು ಅಂತ್ಲೂ ಗೊತ್ತಿಲ್ಲ. ಗೊತ್ತಾಗೋ ಹೊತ್ಗೆ ಅವನಿಗೆ ಬೇರೆ ಮದ್ವೆ ಆಗಿತ್ತು."

ಮಗಳು ಅಪ್ಪನನ್ನು ಹುಡುಕುತ್ತ ತಿರುಗಿದಳು. ಅಷ್ಟರಲ್ಲಿ ಅಪ್ಪ ಪೆಟ್ಟಿಗೆಯ ತಲೆಯ ಕಡೆ ನಿಂತು ಗಂಟಲು ಸರಿಮಾಡಿಕೊಂಡ.

"ಬಂಧುಗಳೇ, ನಮ್ಮಕ್ಕ ತ್ಯಾಗಮಯಿ. ತಮ್ಮನ ಓದಿಗಾಗಿ ಮದುವೆಯನ್ನೂ ತಾನಾಗಿಯೇ ಬೇಡವೆಂದು..."

"ನಿಲ್ಸಪ್ಪ."

ಜನ ತಿರುಗಿ ನೋಡಿದರು. ಅಪ್ಪ ತರಗತಿಯಲ್ಲಿ ನೋಡುತ್ತಿದ್ದ ಹಾಗೆ ಕನ್ನಡಕದ ಮೇಲಿಂದ ನೋಡಿದ. "ಹೆಣದ ಮುಂದೆ ಏನೇ ಇದು?"

"ಹೆಣದ ಮುಂದೇನೇ ಹೇಳ್ಬೇಕು. ತ್ಯಾಗ ಮಾಡೋರನ್ನ ಒಂದು ಮಾತು ಕೇಳ್ಬೇಕಪ್ಪ. ಬಾಗಿಲಿಗೆ ಬಂದವರನ್ನ ಇಷ್ಟ ಇಲ್ಲ ಅಂತ ಕಳ್ಸಿದ್ಯಲ್ಲ, ಒಳಗೆ ಹೋಗಿ ಅವಳನ್ನ ಕೇಳಿದ್ಯಾ? ಅವಳು ಕೊಟ್ಟಿದ್ದಲ್ಲ. ನೀನು ಕಿತ್ಕೊಂಡಿದ್ದು."

"ನಾನಾಗ ಇನ್ನೂ ಅವಳ ಸಂಬಳದಲ್ಲೇ ಓದ್ತಿದ್ದೆ..." ಅಪ್ಪನ ದನಿ ಮೊದಲ ಬಾರಿಗೆ ಮೇಷ್ಟ್ರದಾಗಿರಲಿಲ್ಲ. "ಅವಳು ಹೊರಟುಹೋಗಿದ್ರೆ ನಾನು..."

ಕಾಜಾ ಹಾಕುವವಳು ಎದ್ದು ಪೆಟ್ಟಿಗೆಯ ಮುಚ್ಚಳ ಎಳೆದು ಮುಚ್ಚಿದಳು.

ಹೊರಡುವ ಹೊತ್ತಾಯಿತು. ಅಪ್ಪ ಮುಂದಿನ ಬಲಮೂಲೆಗೆ ಬಂದ. ಅಲ್ಲಿ ಮಗಳು ಆಗಲೇ ಹಿಡಿಗೆ ಕೈ ಹಾಕಿ ನಿಂತಿದ್ದಳು. ಅವಳು ಅಲುಗಲಿಲ್ಲ. ಅವನೇ ಹಿಂದೆ ಸರಿದ.

ಆರು ಜನ ಹೆಗಲಿಗೆತ್ತಿಕೊಂಡದ್ದೇ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಉಳಿದವರೆಲ್ಲ ಕಾರ್ಖಾನೆಯ ಎತ್ತರದ ಗಂಡಸರು, ಜೊತೆಗೆ ನರ್ಸರಿಯವರು. ಅವಳಾದರೋ ಅವರ ಎದೆಮಟ್ಟ.

"ನೀನು ಬಿಡಮ್ಮ, ಎತ್ತರದವರು ಯಾರಾದ್ರೂ ಹಿಡೀಲಿ," ಅಂದರು ಯಾರೋ.

"ಬಿಡಲ್ಲ."

ನರ್ಸರಿಯವರು ಅವಳ ಮುಖ ನೋಡಿದರು. ನೋಡಿ, ಮಂಡಿ ಬಗ್ಗಿಸಿದರು. ಅವರ ಹಿಂದಿನವನೂ ಬಗ್ಗಿದ. ಉಳಿದ ಮೂವರೂ ಗೊಣಗದೆ ಇಳಿದರು. ಪೆಟ್ಟಿಗೆ ಮಟ್ಟಸವಾಯಿತು. ಕೈ ಎಲ್ಲಿಡಬೇಕೆಂದು ತೋಚದೆ ಅಪ್ಪ ಹಿಂದಿನಿಂದ ಬರುತ್ತಿದ್ದ. ಮುಂದೆ ಐದು ಜನ ಗಂಡಸರು ಅವಳ ಹೆಗಲಿನ ಎತ್ತರಕ್ಕೆ ಬಗ್ಗಿಕೊಂಡು, ಬಾತುಗಳ ಹಾಗೆ ಕುಕ್ಕರಗಾಲಿನಲ್ಲಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.